ನೋವಿಗೂ ಮೊದಲೇ ಪರೀಕ್ಷೆ: ಡಾ. ಶಂಕರನಾರಾಯಣನ್ ತೋರಿದ ದಾರಿ



ಮರವಂತೆಯ ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರು ಸೊಂಟನೋವು, ಮಂಡಿನೋವುಗಳನ್ನು ವಿವರವಾಗಿ ಹೇಳುತ್ತಾರೆ. ಬಿಳಿ ಹೋಗುವ ವಿಷಯವನ್ನು ಮಾತ್ರ ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು ಮೆಲ್ಲಗೆ ತಿಳಿಸುತ್ತಾರೆ. ಹಿಂದೆ ನಾವೂ ಅದನ್ನು ಬರಿಯ ಶ್ವೇತಪ್ರದರವೆಂದೇ ಬಗೆದು, ಪರೀಕ್ಷೆಗೆ ಕಳುಹಿಸದೆ ಅರಿಷ್ಟ, ಚೂರ್ಣಗಳನ್ನು ಕೊಟ್ಟದ್ದುಂಟು. ಅಂಥವರಲ್ಲೊಬ್ಬರು ವರ್ಷದ ಬಳಿಕ ಮರಳಿ ಬಂದಾಗ ಗರ್ಭಕಂಠದ ಕ್ಯಾನ್ಸರ್ ಬಲಿತಿತ್ತು. ಆ ತಪ್ಪನ್ನು ನಾವು ಇಂದಿಗೂ ಮರೆತಿಲ್ಲ. ಆದುದರಿಂದಲೇ ಈ ತಿಂಗಳು ಡಾ. ರೆಂಗಸ್ವಾಮಿ ಶಂಕರನಾರಾಯಣನ್ ಅವರ ಕಾರ್ಯವನ್ನು ಪರಿಚಯಿಸುತ್ತಿದ್ದೇವೆ.

ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ವೈದ್ಯರಾಗಿದ್ದ ಅವರು, ಮುಂದೆ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಗರ್ಭಕಂಠದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆಯನ್ನು ಡಾ. ಪಾಪನಿಕೊಲಾವ್ ಅವರು 1940ರ ದಶಕದಲ್ಲೇ ಅಮೆರಿಕದಲ್ಲಿ ಬಳಕೆಗೆ ತಂದಿದ್ದರು. ಆದರೆ ಅದಕ್ಕೆ ಪ್ರಯೋಗಾಲಯ ಬೇಕು, ನುರಿತ ತಜ್ಞರು ಬೇಕು. ಇವೆರಡೂ ಇಲ್ಲದ ಹಳ್ಳಿಗೆ ದಾರಿ ಯಾವುದು ಎಂಬುದು ಶಂಕರನಾರಾಯಣನ್ ಅವರ ಪ್ರಶ್ನೆಯಾಗಿತ್ತು.

ಈ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಎಂಬ ವೈರಾಣು. ಅದು ಬಹುಪಾಲು ಸ್ತ್ರೀಯರಲ್ಲಿ ತಾನಾಗಿಯೇ ಮಾಯವಾಗುತ್ತದೆ. ಕೆಲವರಲ್ಲಿ ಉಳಿದು, ಹತ್ತು ಹದಿನೈದು ವರ್ಷಗಳಲ್ಲಿ ಕ್ಯಾನ್ಸರಾಗಿ ಪರಿಣಮಿಸುತ್ತದೆ. ಈ ದೀರ್ಘ ಅವಧಿಯೇ ನಮಗೆ ದೊರೆತಿರುವ ಅವಕಾಶ.

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ತರಬೇತಿ ಪಡೆದ ದಾದಿಯರು ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಹಚ್ಚಿ ನೋಡಿದರು. ಒಂದು ನಿಮಿಷದಲ್ಲಿ ಬೆಳ್ಳಗಾಗುವ ಭಾಗವು ಸಂಶಯಾಸ್ಪದ. ಈ ಸರಳ ಪರೀಕ್ಷೆ ಮತ್ತು ಚಿಕಿತ್ಸೆಯಿಂದ ಮರಣ ಶೇ. 35ರಷ್ಟು ತಗ್ಗಿತೆಂದು 2007ರಲ್ಲಿ ವರದಿಯಾಯಿತು.

ಇನ್ನೊಂದು ಅಧ್ಯಯನ ನಮ್ಮ ಗಡಿಗೆ ಹೊಂದಿಕೊಂಡ, ಆಗ ಉಸ್ಮಾನಾಬಾದ್ ಎನಿಸಿದ್ದ ಜಿಲ್ಲೆಯದು. ಸೊನ್ನಲಿಗೆ ಸಿದ್ಧರಾಮೇಶ್ವರರ ಸೊಲ್ಲಾಪುರ ಜಿಲ್ಲೆಗೆ ಸೇರಿದ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆ ಹಾಗೂ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ವೈದ್ಯರೊಡನೆ 1999ರಲ್ಲಿ ಇದು ಆರಂಭವಾಯಿತು. 30ರಿಂದ 59 ವಯಸ್ಸಿನ 1,31,746 ಗ್ರಾಮೀಣ ಸ್ತ್ರೀಯರು ಇದರಲ್ಲಿದ್ದರು. ಎಂಟು ವರ್ಷಗಳಲ್ಲಿ, ಪರೀಕ್ಷೆಯಿಲ್ಲದ ಗುಂಪಿನಲ್ಲಿ 64 ಮಂದಿ ಈ ರೋಗದಿಂದ ತೀರಿಕೊಂಡರೆ, ಒಮ್ಮೆ ಮಾತ್ರ ಎಚ್‌ಪಿವಿ ಪರೀಕ್ಷೆ ನಡೆಸಿದ ಗುಂಪಿನಲ್ಲಿ ತೀರಿಕೊಂಡವರು 34. ಒಂದೇ ಒಂದು ಪರೀಕ್ಷೆ ಮರಣವನ್ನು ಸುಮಾರು ಅರ್ಧಕ್ಕೆ ಇಳಿಸಿತು! 2009ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತೇ ಗಮನಿಸಿತು.

ಮೂವತ್ತು ದಾಟಿದ ತಾಯಂದಿರು ಯಾವ ತೊಂದರೆಯೂ ಇಲ್ಲದಿರುವಾಗಲೇ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎಲ್ಲಿ ದೊರೆಯುತ್ತದೆಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿರಿ. ವೈರಾಣು ಕಂಡುಬಂದರೆ ಕ್ಯಾನ್ಸರ್ ಎಂದರ್ಥವಲ್ಲ. ಮುಂದಿನ ತಪಾಸಣೆ ಬೇಕೆಂದಷ್ಟೇ ಅರ್ಥ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಸರ್ಗದ ನಂತರ ರಕ್ತ ಹೋದರೆ, ದುರ್ವಾಸನೆಯ ಸ್ರಾವವಿದ್ದರೆ ತಡಮಾಡದೆ ಸ್ತ್ರೀರೋಗ ತಜ್ಞರನ್ನು ಕಾಣಿರಿ. ಪರೀಕ್ಷೆಯಾಗದೆ ನಮ್ಮ ಔಷಧವನ್ನೂ ಕೇಳಬೇಡಿರಿ.

ಮನೆಯ ಗಂಡಸರಲ್ಲಿಯೂ ಒಂದು ಬಿನ್ನಹ: ಹೆಂಡತಿಯನ್ನು, ತಾಯಿಯನ್ನು ನೀವೇ ಜೊತೆಯಲ್ಲಿ ಕರೆದೊಯ್ಯಿರಿ. ಬಾಗಿಲ ಬಳಿ ಮೆಲ್ಲಗೆ ಹೇಳುವ ಮಾತು ಮನೆಯೊಳಗೆ ಧೈರ್ಯವಾಗಿ ಹೇಳುವಂತಾಗಲಿ.