ಅರೆತಲೆನೋವಿಗೆ ಅಮ್ಮನ ಬಸಿರು ಕಾರಣವೇ?

ಮಗಳಿಗೆ ಮೈಗ್ರೇನ್ ಎಂದು ಗೊತ್ತಾದ ಕೂಡಲೇ ಎಷ್ಟೋ ತಾಯಂದಿರು ತಮ್ಮ ಬಸಿರಿನ ದಿನಗಳನ್ನು ಕೆದಕಲು ತೊಡಗುತ್ತಾರೆ. ಆಗ ನುಂಗಿದ ಮಾತ್ರೆ, ಚುಚ್ಚಿಸಿಕೊಂಡ ಇಂಜೆಕ್ಷನ್, ಪಟ್ಟ ಚಿಂತೆ ಎಲ್ಲದರ ಮೇಲೂ ಅನುಮಾನ. ಕರ್ನಾಟಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ನಡೆಸಿ, 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನಾಲ್ವರಿಗೊಬ್ಬರು ಒಂದು ವರ್ಷದೊಳಗೆ ಮೈಗ್ರೇನ್ ಅನುಭವಿಸಿದ್ದರು. ಹಾಗಾಗಿ ಈ ಅನುಮಾನಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ತಪ್ಪು ಕಲ್ಪನೆ: ಗರ್ಭದಲ್ಲಿ ಮಗುವಿಗೆ ಸಿಗುವ ಹಾರ್ಮೋನ್ ಎಲ್ಲವೂ ತಾಯಿಯದೇ.

ಸತ್ಯ: ಗಂಡು ಭ್ರೂಣದ ವೃಷಣಗಳು ಸುಮಾರು ಎಂಟನೇ ವಾರದಿಂದಲೇ ಟೆಸ್ಟೋಸ್ಟೆರಾನ್ ತಯಾರಿಸುತ್ತವೆ. ಗರ್ಭಿಣಿಯ ರಕ್ತದಲ್ಲಿ ಏರುವ ಈಸ್ಟ್ರೋಜನ್‌ನ ಬಹುಪಾಲು ಬರುವುದು ಮಾಸಿನಿಂದ. ಪುರುಷ ಹಾರ್ಮೋನುಗಳನ್ನು ಈಸ್ಟ್ರೋಜನ್ ಆಗಿ ಬದಲಿಸುವ ಕಿಣ್ವವೂ ಮಾಸಿನಲ್ಲೇ ಇದೆ. ತಾಯಿಯ ಒಂದು ದಿನದ ಸಿಟ್ಟು, ಅಳು, ಊಟದ ಹೆಚ್ಚುಕಮ್ಮಿಯಿಂದ ಈ ವ್ಯವಸ್ಥೆ ಬುಡಮೇಲಾಗುವುದಿಲ್ಲ.

ತಪ್ಪು ಕಲ್ಪನೆ: ಗರ್ಭದಲ್ಲೇ ಹೆಣ್ಣಿನ ಹಾರ್ಮೋನ್ ಹೆಚ್ಚು ಸಿಗುವುದರಿಂದ ಹೆಣ್ಣುಮಕ್ಕಳಿಗೆ ಮೈಗ್ರೇನ್ ಹೆಚ್ಚು.

ಸತ್ಯ: ಹಾಗಿದ್ದರೆ ಬಾಲ್ಯದಲ್ಲೇ ವ್ಯತ್ಯಾಸ ಕಾಣಬೇಕಿತ್ತು. ಆದರೆ ಪ್ರೌಢಾವಸ್ಥೆಗೆ ಮುನ್ನ ಹುಡುಗ ಹುಡುಗಿಯರಲ್ಲಿ ಮೈಗ್ರೇನ್ ಬಹುತೇಕ ಸಮಸಮ. ಮುಟ್ಟು ಶುರುವಾದ ಮೇಲೆ ಹೆಣ್ಣುಮಕ್ಕಳಲ್ಲಿ ಅದು ಎರಡು ಮೂರು ಪಟ್ಟು ಹೆಚ್ಚುತ್ತದೆ. ಮುಟ್ಟಿಗೆ ಮುಂಚೆ ಈಸ್ಟ್ರೋಜನ್ ಇಳಿದಾಗ ನೋವು ಕೆರಳುತ್ತದೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಅದೇ ಹಾರ್ಮೋನ್ ಎತ್ತರದಲ್ಲಿ ನಿಂತಿರುವಾಗ ಬಹಳ ಮಂದಿಗೆ ನೋವು ತಗ್ಗುತ್ತದೆ. ಅಂದರೆ ಕಾಡುವುದು ಹಾರ್ಮೋನ್ ಇರುವುದಲ್ಲ, ಅದರ ಏರಿಳಿತ.

ಹಾಗಾದರೆ ಗರ್ಭದ ಪಾತ್ರವೇ ಇಲ್ಲವೇ? ಇರಬಹುದು. ಸ್ವೀಡನ್ನಿನ ಅವಳಿಗಳ ದಾಖಲೆಗಳನ್ನಾಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವಳಿ ಸಹೋದರನಿದ್ದ ಮಹಿಳೆಯರಲ್ಲಿ ಮೈಗ್ರೇನ್ ಹೆಚ್ಚು ಕಂಡಿತು; ಅವಳಿ ಸಹೋದರಿಯಿದ್ದವರಲ್ಲಿ ಅಷ್ಟಿರಲಿಲ್ಲ. ಸಹೋದರನ ಟೆಸ್ಟೋಸ್ಟೆರಾನ್ ತಾಗಿರಬಹುದು ಎಂಬುದು ಊಹೆ. ಇದು ಜನಪ್ರಿಯ ನಂಬಿಕೆಗೆ ನೇರ ವಿರುದ್ಧ ದಿಕ್ಕಿನ ಸುಳಿವು, ಆದರೆ ಸುಳಿವು ಮಾತ್ರ.

ತಪ್ಪು ಕಲ್ಪನೆ: ಬೆರಳುಗಳ ಉದ್ದ ನೋಡಿ ತಲೆನೋವಿನ ಭವಿಷ್ಯ ಹೇಳಬಹುದು.

ಸತ್ಯ: ತೋರುಬೆರಳು ಮತ್ತು ಉಂಗುರಬೆರಳಿನ ಉದ್ದದ ಅನುಪಾತವನ್ನು ಗರ್ಭದ ಟೆಸ್ಟೋಸ್ಟೆರಾನ್‌ನ ಗುರುತೆಂದು ಕೆಲವು ಸಂಶೋಧಕರು ಬಳಸುತ್ತಾರೆ. ಅದು ದೊಡ್ಡ ಗುಂಪುಗಳ ಸರಾಸರಿಗೆ ಸಂಬಂಧಿಸಿದ ಒರಟು ಅಂದಾಜು. ಒಬ್ಬ ವ್ಯಕ್ತಿಯ ಕೈ ನೋಡಿ ಏನನ್ನೂ ಹೇಳಲಾಗದು.

ತಪ್ಪು ಕಲ್ಪನೆ: ಗರ್ಭ ನಿಲ್ಲಲೆಂದು ತಾಯಿ ತೆಗೆದುಕೊಂಡ ಹಾರ್ಮೋನ್ ಮಾತ್ರೆಯೇ ಮಗಳ ತಲೆನೋವಿಗೆ ಮೂಲ.

ಸತ್ಯ: ಈ ಭಯಕ್ಕೆ ಒಂದು ಇತಿಹಾಸವಿದೆ. ಗರ್ಭಪಾತ ತಡೆಯಲೆಂದು ಅಮೆರಿಕದಲ್ಲಿ 1940ರ ದಶಕದಿಂದ ಕೊಡುತ್ತಿದ್ದ ಡಿಇಎಸ್ ಎಂಬ ಕೃತಕ ಈಸ್ಟ್ರೋಜನ್, ಅದನ್ನು ಸೇವಿಸಿದವರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್‌ಗೆ ಕಾರಣವಾದದ್ದು 1971ರಲ್ಲಿ ಬಯಲಾಯಿತು. ಇಂದು ಕೊಡುವ ಪ್ರೊಜೆಸ್ಟರಾನ್ ಬೇರೆಯೇ ವರ್ಗದ ಹಾರ್ಮೋನ್. ಅದರಿಂದ ಮಗುವಿಗೆ ಮುಂದೆ ಮೈಗ್ರೇನ್ ಬರುತ್ತದೆಂದು ಸಾಬೀತಾಗಿಲ್ಲ. ನಿಜಕ್ಕೂ ಎಚ್ಚರ ಬೇಕಾದದ್ದು ಬೇರೆಡೆ: ಮೈಗ್ರೇನ್ ತಡೆಗೆಂದು ಕೊಡುವ ಸೋಡಿಯಂ ವಾಲ್‌ಪ್ರೊಯೇಟ್ ಭ್ರೂಣದ ಮಿದುಳು, ಬೆನ್ನುಹುರಿಗೆ ಹಾನಿ ಮಾಡಬಲ್ಲದು. ಮಗು ಬೇಕೆನ್ನುವವರು ಮೊದಲೇ ವೈದ್ಯರಿಗೆ ತಿಳಿಸಲೇಬೇಕು.

ತಪ್ಪು ಕಲ್ಪನೆ: ಹುಟ್ಟಿನಿಂದ ಬಂದದ್ದಕ್ಕೆ ಮದ್ದಿಲ್ಲ.

ಸತ್ಯ: ಮೈಗ್ರೇನ್‌ನಲ್ಲಿ ವಂಶವಾಹಿಗಳ ಪಾಲು ಸುಮಾರು ಅರ್ಧದಷ್ಟು. ಆದರೂ ಅದನ್ನು ಹತೋಟಿಯಲ್ಲಿಡಬಹುದು. ತಲೆನೋವಿನ ದಿನಗಳನ್ನೂ ಮುಟ್ಟಿನ ದಿನಗಳನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತಿಸಿ ವೈದ್ಯರಿಗೆ ತೋರಿಸಿ. ಸಾಮಾನ್ಯ ನೋವಿನ ಮಾತ್ರೆಯನ್ನೂ ತಿಂಗಳಿಗೆ 15 ದಿನ ನುಂಗುತ್ತಿದ್ದರೆ ಅದೇ ತಲೆನೋವು ತರಬಲ್ಲದು. ನೋವಿಗೆ ಮುನ್ನ ಕಣ್ಣಿಗೆ ಮಿಂಚು, ಅಂಕುಡೊಂಕು ಗೆರೆ ಕಾಣುವವರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ. ಐದನೇ ತಿಂಗಳು ದಾಟಿದ ಗರ್ಭಿಣಿಗೆ ಹೊಸದಾಗಿ ತೀವ್ರ ತಲೆನೋವು ಬಂದರೆ ಅಂದೇ ಬಿಪಿ ನೋಡಿಸಬೇಕು.

ಗರ್ಭದ ಒಂಬತ್ತು ತಿಂಗಳನ್ನು ಯಾರೂ ತಿದ್ದಲಾರರು. ಮುಂದಿನ ತಿಂಗಳ ನೋವನ್ನು ತಗ್ಗಿಸಲು ಮಾತ್ರ ಖಂಡಿತ ಸಾಧ್ಯ. ಅಮ್ಮಂದಿರು ತಪ್ಪಿತಸ್ಥ ಭಾವ ಬಿಟ್ಟು, ಮಗಳನ್ನು ನರರೋಗ ತಜ್ಞರ ಬಳಿಗೆ ಕರೆದೊಯ್ಯಲಿ.