ಕೋಚ್ ಬಂದರೆ ಕುರ್ಚಿ ಹೋಗುತ್ತದೆಯೇ?

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹದಿನಾರು ವರ್ಷ ದುಡಿದು, ಈಚೆಗಷ್ಟೇ ಇಡೀ ಘಟಕದ ಹೊಣೆ ಹೊತ್ತ ಪರಿಚಿತರೊಬ್ಬರು ಒಂದು ರಾತ್ರಿ ಫೋನ್ ಮಾಡಿದರು. ದನಿ ಕುಗ್ಗಿತ್ತು. "ಸಾರ್, ನನಗೆ ಕೋಚ್ ಹಾಕಿದ್ದಾರೆ. ಎಲ್ಲಿ ತಪ್ಪು ಮಾಡಿದೆ ಅಂತಲೇ ಗೊತ್ತಾಗ್ತಿಲ್ಲ. ಮನೇಲಿ ಇನ್ನೂ ಹೇಳಿಲ್ಲ."

ಬಡ್ತಿ ಸಿಕ್ಕಾಗ ಇಡೀ ಶಾಪ್‌ಫ್ಲೋರಿಗೆ ಪೇಡ ಹಂಚಿದ್ದ ಮನುಷ್ಯ ಇವರು. ಕಂಪನಿ ಇವರಿಗಾಗಿ ಲಕ್ಷಗಟ್ಟಲೆ ಖರ್ಚು ಮಾಡಲು ಹೊರಟಿದೆ, ಇವರು ಅದನ್ನು ನೋಟಿಸು ಎಂದುಕೊಂಡು ನಿದ್ದೆಗೆಟ್ಟಿದ್ದಾರೆ. ತರಬೇತಿ ವಿಭಾಗದಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೋಚ್ ಬಂದರೆ ಏನೋ ಕೆಟ್ಟಿದೆ ಎಂದರ್ಥ, ಸರಿಯಿದ್ದವನಿಗೆ ಕೋಚ್ ಯಾಕೆ ಅನ್ನುವ ಈ ನಂಬಿಕೆ ಒಳ್ಳೊಳ್ಳೆಯವರನ್ನೇ ಹಿಂದಕ್ಕೆ ಎಳೆಯುತ್ತಿದೆ.

ನಂಬಿಕೆಯ ಬೇರು ಎಲ್ಲಿದೆ ಎಂಬುದು ನನಗೆ ಗೊತ್ತು. ನಮ್ಮ ಕಿವಿಗೆ ಕೋಚಿಂಗ್ ಎಂದರೆ ಟ್ಯೂಷನ್. ಲೆಕ್ಕದಲ್ಲಿ ಹಿಂದೆ ಬಿದ್ದ ಹುಡುಗನನ್ನು ಸಂಜೆ ಮೇಷ್ಟರ ಮನೆಗೆ ಕಳಿಸುತ್ತಿದ್ದ ನೆನಪು ಆ ಪದಕ್ಕೆ ಅಂಟಿಕೊಂಡಿದೆ. ಇನ್ನೊಂದು ಕಾರಣ ಕಂಪನಿಗಳದ್ದೇ. ಸಿಡುಕು ಸ್ವಭಾವದ ದೊಡ್ಡ ಅಧಿಕಾರಿಯನ್ನು ರಿಪೇರಿ ಮಾಡಲೆಂದೇ ಕೋಚನ್ನು ಕರೆಸುತ್ತಿದ್ದ ಕಾಲ ಒಂದಿತ್ತು. ಆದರೆ ಆ ಕಾಲ ಮುಗಿದು ಎಷ್ಟೋ ವರ್ಷವಾಯಿತು. 2009ರಲ್ಲೇ ಹಾರ್ವರ್ಡ್ ಬಿಸಿನೆಸ್ ರಿವ್ಯೂ 140 ಕೋಚ್‌ಗಳನ್ನು ಕೇಳಿ ನೋಡಿತು. ಮುಂದೆ ಬರಬಲ್ಲವರನ್ನು ಬೆಳೆಸಲು, ಇಲ್ಲವೇ ಹೊಸ ಹುದ್ದೆಗೆ ಹೊಂದಿಕೊಳ್ಳಲು ನೆರವಾಗಲೆಂದು ತಮ್ಮನ್ನು ಕರೆಸುತ್ತಾರೆ ಎಂದವರು ಶೇ 48 ಮಂದಿ. ದಾರಿ ತಪ್ಪಿದ ನಡವಳಿಕೆ ತಿದ್ದಲು ಎಂದವರು ಶೇ 12 ಮಾತ್ರ. ನಾವಿನ್ನೂ ಆ ಹನ್ನೆರಡನ್ನೇ ಹಿಡಿದುಕೊಂಡು ಕೂತಿದ್ದೇವೆ.

ಪೀಣ್ಯದ ಈ ಗೆಳೆಯರ ಪ್ರಶ್ನೆಯನ್ನೇ ಒಮ್ಮೆ ಎರಿಕ್ ಶ್ಮಿಟ್ ಕೂಡ ಕೇಳಿದ್ದರು. 2001ರಲ್ಲಿ ಗೂಗಲ್‌ನ ಸಿಇಒ ಆಗಿ ಬಂದ ಅವರಿಗೆ, ಕಂಪನಿಯಲ್ಲಿ ಹಣ ಹೂಡಿದ್ದ ಜಾನ್ ಡೋರ್ ಒಬ್ಬ ಕೋಚನ್ನು ಇಟ್ಟುಕೊಳ್ಳಿ ಎಂದರು. ಶ್ಮಿಟ್‌ಗೆ ಸಿಟ್ಟೇ ಬಂತು. ಇಷ್ಟು ಅನುಭವವಿರುವ ನನಗೆ ಕೋಚ್ ಯಾಕೆ, ನಾನೇನಾದರೂ ತಪ್ಪು ಮಾಡುತ್ತಿದ್ದೇನೆಯೇ ಎಂದುಕೊಂಡರು. ಬಂದವರು ಬಿಲ್ ಕ್ಯಾಂಪ್‌ಬೆಲ್, ಒಂದು ಕಾಲದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕೋಚ್. ವರ್ಷಗಳ ನಂತರ, ತನಗೆ ಸಿಕ್ಕ ಅತ್ಯುತ್ತಮ ಸಲಹೆ ಯಾವುದೆಂದು ಕೇಳಿದಾಗ ಶ್ಮಿಟ್ ಹೇಳಿದ್ದು ಅದನ್ನೇ, ಕೋಚನ್ನು ಇಟ್ಟುಕೊಳ್ಳಿ ಎಂಬ ಮಾತನ್ನು.

ಅಷ್ಟು ದೂರ ಹೋಗುವುದೇ ಬೇಡ. ರಾಹುಲ್ ದ್ರಾವಿಡ್ ಭಾರತ ತಂಡದ ಕೋಚ್ ಆಗಿದ್ದಾಗ ವಿರಾಟ್ ಕೊಹ್ಲಿಗೆ ಬ್ಯಾಟಿಂಗ್ ಬರುವುದಿಲ್ಲ ಎಂದು ಯಾರಾದರೂ ಅಂದರೇ? ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಮಂಜಿ ಖಾನರ ಬಳಿ ಕಲಿಯಲು ಕೂತಾಗ ಹೆಸರು ಮಾಡಿದ ಗಾಯಕರೇ. ಎಚ್‌ಎಂವಿ ಅವರ ಹಾಡಿನ ತಟ್ಟೆಗಳನ್ನು ಆಗಲೇ ತಂದಿತ್ತು. ಗುರುವೂ ಕೋಚೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ಬಂದ ವಿದ್ಯೆಯನ್ನು ಇನ್ನೊಬ್ಬರ ಕಿವಿಗೆ ಒಪ್ಪಿಸುವ ಧೈರ್ಯ ಎರಡು ಕಡೆಯೂ ಬೇಕು.

ಬಾಸ್ಟನ್‌ನ ಶಸ್ತ್ರವೈದ್ಯ ಅತುಲ್ ಗವಾಂಡೆ ಆ ಧೈರ್ಯ ಮಾಡಿದರು. ಎಂಟು ವರ್ಷ ಶಸ್ತ್ರಚಿಕಿತ್ಸೆ ಮಾಡಿದ ಮೇಲೆ ತನ್ನ ಕೈ ಇನ್ನು ಸುಧಾರಿಸುತ್ತಿಲ್ಲ ಅನ್ನಿಸಿ, ನಿವೃತ್ತರಾಗಿದ್ದ ತಮ್ಮ ಗುರು ರಾಬರ್ಟ್ ಆಸ್ಟೀನ್ ಅವರನ್ನು ಥಿಯೇಟರಿಗೆ ಕರೆದರು. ಥೈರಾಯ್ಡ್ ಆಪರೇಷನ್ ಸುಸೂತ್ರವಾಗಿ ಮುಗಿಯಿತು, ಹೇಳಲು ಏನೂ ಇರಲಾರದು ಎಂದುಕೊಂಡರೆ ಆಸ್ಟೀನರ ಕೈಯಲ್ಲಿದ್ದ ಕಾಗದ ಟಿಪ್ಪಣಿಯಿಂದ ತುಂಬಿತ್ತು. ನಿನ್ನ ಮೊಣಕೈ ಆಗಾಗ ಭುಜದ ಎತ್ತರಕ್ಕೆ ಏಳುತ್ತದೆ. ಹೊದಿಸಿದ ಬಟ್ಟೆ ನಿನಗೆ ಅನುಕೂಲವಾಗಿತ್ತು, ಎದುರಿದ್ದ ಸಹಾಯಕನಿಗಲ್ಲ. ಮೇಲಿನ ದೀಪ ಗಾಯದಿಂದ ಆಚೆ ಸರಿದು ಸುಮಾರು ಅರ್ಧ ಗಂಟೆಯಾದರೂ ನಿನಗೆ ಗೊತ್ತಾಗಲಿಲ್ಲ. 2011ರಲ್ಲಿ ದಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಗವಾಂಡೆ ಇದನ್ನೆಲ್ಲ ಬರೆದುಕೊಂಡರು.

ಮೇಲೇರಿದ ಅಧಿಕಾರಿಯ ತೊಂದರೆಯೂ ಅದೇ. ಸರಿದ ದೀಪವನ್ನು ತೋರಿಸುವವರು ಸುತ್ತ ಯಾರೂ ಉಳಿದಿರುವುದಿಲ್ಲ. ಕೆಳಗಿನವರಿಗೆ ಅಪ್ರೈಸಲ್ ಭಯ, ಸಮಾನರಿಗೆ ಪೈಪೋಟಿ, ಮೇಲಿನವರಿಗೆ ಈ ತಿಂಗಳ ಟಾರ್ಗೆಟ್ ಚಿಂತೆ. ಆ ಅಧಿಕಾರಿಯ ಬಡ್ತಿಯಿಂದ ಲಾಭವೂ ಇಲ್ಲದ, ನಷ್ಟವೂ ಇಲ್ಲದ ಎರಡು ಕಣ್ಣು ಬೇಕು. ಕೋಚಿಂಗ್‌ನ ಬೆಲೆ ಇರುವುದು ಅಲ್ಲಿ.

ಉಳಿದ ತಪ್ಪು ಕಲ್ಪನೆಗಳಿಗೆ ಒಂದೊಂದು ಮಾತು ಸಾಕು. ಕೋಚ್ ಉತ್ತರ ಹೇಳಿಕೊಡುತ್ತಾರೆ ಎಂಬುದು ಸುಳ್ಳು. ಉತ್ತರ ಕೊಡುವವರು ಕನ್ಸಲ್ಟೆಂಟ್. ಹೇಳಿದ್ದೆಲ್ಲ ಎಚ್‌ಆರ್ ಕಿವಿಗೆ ಹೋಗುತ್ತದೆ ಎಂಬ ಭಯವಿದ್ದರೆ ಮೊದಲ ದಿನವೇ ಒಪ್ಪಂದ ಓದಿ: ಕ್ರಮವಾಗಿ ನಡೆಯುವ ಕಡೆ ಕಂಪನಿಗೆ ಗುರಿ ಗೊತ್ತಿರುತ್ತದೆ, ಕೋಣೆಯೊಳಗಿನ ಮಾತಲ್ಲ.

ಕೋಚಿಂಗ್ ಎಂದರೆ ಹೆದರುವ ಇದೇ ಆಫೀಸುಗಳು ಇನ್ನೊಂದು ಕಡೆ ಏನನ್ನಾದರೂ ನಂಬುತ್ತವೆ. ನನಗೆ ನಿಜವಾಗಿ ಸಂಕಟವಾಗುವುದು ಅದಕ್ಕೆ. ಕೋಚಿಂಗ್‌ಗೆ ಹಾಕಿದ ಹಣ ಶೇ 788 ಲಾಭ ತರುತ್ತದೆ ಎಂಬ ಸ್ಲೈಡನ್ನು ಎಷ್ಟು ಸಭೆಗಳಲ್ಲಿ ನೋಡಿದ್ದೇನೋ. ಅದು ಒಂದೇ ಕಂಪನಿಯ ಅಧ್ಯಯನದ ಅಂಕಿ, ಕೋಚಿಂಗ್ ಪಡೆದವರೇ ಹಾಕಿಕೊಟ್ಟ ಅಂದಾಜು. ಯಾರು ಎಣಿಸಿದರು, ಹೇಗೆ ಎಣಿಸಿದರು ಎಂದು ಒಬ್ಬರೂ ಕೇಳುವುದಿಲ್ಲ. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 18 ಅಧ್ಯಯನಗಳನ್ನು ಒಟ್ಟಿಗಿಟ್ಟು ಅಳೆದರು. ಕೆಲಸದ ಮೇಲೂ ನೆಮ್ಮದಿಯ ಮೇಲೂ ಒಳ್ಳೆಯ ಪರಿಣಾಮ ಕಂಡಿತು, ಆದರೆ ಪವಾಡವಲ್ಲ. ನಂಬಲು ನನಗೆ ಅಷ್ಟು ಸಾಕು. ಕೋಚನ್ನು ಆರಿಸುವಾಗಲೂ ಇದೇ ಕುರುಡು ನಂಬಿಕೆ. ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ನಮ್ಮಲ್ಲಿ ಯಾವ ಪರವಾನಗಿಯೂ ಬೇಕಿಲ್ಲ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ತನ್ನ ಮೊದಲ ಹಂತದ ಮಾನ್ಯತೆಗೇ 100 ಗಂಟೆ ಕೋಚಿಂಗ್ ಮಾಡಿರಬೇಕು ಎನ್ನುತ್ತದೆ, ಅತ್ಯುನ್ನತ ಹಂತಕ್ಕೆ 2,500. ಸೀರೆ ಕೊಳ್ಳುವಾಗ ಸೆರಗು ತಿರುಗಿಸಿ ನೋಡುವ ನಾವು, ವಾರಾಂತ್ಯದ ಸರ್ಟಿಫಿಕೇಟ್ ಹಿಡಿದು ಬಂದವರನ್ನು ಎಷ್ಟು ಗಂಟೆ ಕೋಚಿಂಗ್ ಮಾಡಿದ್ದೀರಿ ಎಂಬ ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಬಿಟ್ಟುಕೊಳ್ಳುತ್ತೇವೆ.

ಪೀಣ್ಯದವರು ಮೂರು ವಾರದ ಮೇಲೆ ಮತ್ತೆ ಫೋನ್ ಮಾಡಿದರು. ಕೋಚ್ ಬಂದು ಸೋಮವಾರದ ಉತ್ಪಾದನಾ ಸಭೆಯಲ್ಲಿ ಮೂಲೆಯ ಕುರ್ಚಿ ಹಿಡಿದು ಸುಮ್ಮನೆ ಕೂತಿದ್ದರಂತೆ. ಕೊನೆಗೆ ಒಂದು ಹಾಳೆ ತೋರಿಸಿದರು: ಐವತ್ತು ನಿಮಿಷದಲ್ಲಿ ಮೂವತ್ತೆಂಟು ನಿಮಿಷ ಇವರದೇ ಮಾತು. ರಾತ್ರಿ ಪಾಳಿಯ ಸೂಪರ್‌ವೈಸರ್ ಬಾಯಿ ತೆರೆದದ್ದು ಮೂರು ಸಲ, ಮೂರೂ ಸಲ ಅವರ ಮಾತನ್ನು ಇವರೇ ಮುಗಿಸಿದ್ದರು.

"ಹದಿನಾರು ವರ್ಷದಲ್ಲಿ ಒಬ್ಬರೂ ಇದನ್ನ ಹೇಳಿರಲಿಲ್ಲ ಸಾರ್," ಎಂದರು. ಮನೆಯಲ್ಲಿ ಹೇಳಿದಿರಾ ಎಂದು ಕೇಳಿದೆ. ಹೇಳಿದ್ದರು. ಮುಂದಿನ ಸೋಮವಾರ ಆ ಸೂಪರ್‌ವೈಸರನ್ನೇ ಮೊದಲು ಮಾತಾಡಿಸುತ್ತೇನೆ ಎಂದು ಫೋನ್ ಇಟ್ಟರು.