ಬಸ್ಸಿನ ಪಾಸೂ ಮಿಕ್ಕ ಹಣವೂ

ಸಂಸಾರಸ್ಥರ ತಿಂಗಳ ಲೆಕ್ಕದಲ್ಲಿ ಹಾಲಿನ ಹಣ, ಅಂಗಡಿಯ ಬಾಕಿ ಮೊದಲಾದುವನ್ನು ಪದಾರ್ಥವನ್ನು ಬಳಸಿದ ಮೇಲೆ ತೀರಿಸುವ ಪದ್ಧತಿ ಅನೇಕ ಮನೆಗಳಲ್ಲಿ ಉಂಟು. ಬಸ್ಸಿನ ಪಾಸಿನ ಹಣವಾದರೋ ಮುಂಗಡವಾಗಿಯೇ ಹೋಗತಕ್ಕದ್ದು. ತಿಂಗಳು ಪೂರ್ತಿ ಬಸ್ಸು ಓಡುವುದೆಂಬ ನಂಬಿಕೆಯಿಂದ ನಾವು ಅದನ್ನು ಮೊದಲೇ ಸಲ್ಲಿಸುತ್ತೇವೆ. ನಡುವೆ ಬಸ್ಸುಗಳು ನಿಂತುಹೋದರೆ, ದಾರಿ ಬದಲಾದರೆ, ಕಚೇರಿಯ ಹೊತ್ತಿನ ಗಾಡಿಯನ್ನೇ ತೆಗೆದುಹಾಕಿದರೆ, ಮಿಕ್ಕ ದಿನಗಳ ಹಣ ಯಾರಿಗೆ ಸೇರಿದ್ದು? ಮೇಲುನೋಟಕ್ಕೆ ಸಣ್ಣದಾಗಿ ಕಾಣುವ ಈ ಪ್ರಶ್ನೆಯನ್ನು ಈ ತಿಂಗಳು ವಿಚಾರಮಾಡೋಣ.

ಬೆಂಗಳೂರಿನ ನಗರಸಾರಿಗೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವೆವು. 2025ರ ಜನವರಿಯಲ್ಲಿ ದರಗಳನ್ನು ಏರಿಸಿದಾಗ ಸಾಮಾನ್ಯ ಬಸ್ಸಿನ ದಿನದ ಪಾಸು 80 ರೂಪಾಯಿ, ವಾರದ ಪಾಸು 350 ರೂಪಾಯಿ, ತಿಂಗಳ ಪಾಸು 1,200 ರೂಪಾಯಿ ಆಯಿತು. ಅನುಕೂಲವುಳ್ಳವರಿಗೆ ಇದು ದೊಡ್ಡ ಮೊತ್ತವಲ್ಲ. ಆದರೆ ಪಾಸನ್ನು ಕೊಳ್ಳುವವರಲ್ಲಿ ಹೆಚ್ಚಿನವರು ದಿನದ ಕೂಲಿಯನ್ನೋ ಅಲ್ಪ ಸಂಬಳವನ್ನೋ ನಂಬಿದವರು. ಬಸ್ಸು ನಿಂತ ದಿನ ಅವರು ಆಟೋರಿಕ್ಷಾಕ್ಕೆ ಬೇರೆಯಾಗಿ ಹಣ ತೆರಬೇಕು. ಹೀಗೆ ಒಂದೇ ಪ್ರಯಾಣಕ್ಕೆ ಎರಡು ಸಲ ಹಣ ಕೊಟ್ಟಂತಾಯಿತು. ಎರಡನೆಯದು ತಪ್ಪದು, ಮೊದಲನೆಯದನ್ನಾದರೂ ಕೇಳಿ ಪಡೆಯಬಹುದೇ ಎಂಬುದು ನಮ್ಮ ವಿಚಾರ.

ಈ ವಿಷಯದಲ್ಲಿ ಮೂರು ಸಂದರ್ಭಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ಮೊದಲನೆಯದು, ಸಂಚಾರವೇ ನಿಂತುಹೋಗುವುದು. 2020ರ ಮಾರ್ಚ್ ಕೊನೆಯಲ್ಲಿ ಸಾಂಕ್ರಾಮಿಕದ ನಿಮಿತ್ತ ದೇಶವೆಲ್ಲ ಸ್ತಬ್ಧವಾದಾಗಲೂ, 2021ರ ಏಪ್ರಿಲ್ 7ರಿಂದ ಸುಮಾರು ಎರಡು ವಾರ ಕರ್ನಾಟಕದ ಸಾರಿಗೆ ನೌಕರರು ಮುಷ್ಕರ ಹೂಡಿದಾಗಲೂ ಪಾಸುದಾರರಿಗೆ ಒದಗಿದ್ದು ಇಂತಹ ಸ್ಥಿತಿ. ಇಲ್ಲಿ ಪ್ರಯಾಣಿಕನ ವಾದ ಬಲವಾದುದು. ನೆರವೇರಿಸಲು ಅಸಾಧ್ಯವಾಗಿ ಕರಾರು ಅನೂರ್ಜಿತವಾದರೆ, ಅದರಿಂದ ಪಡೆದ ಲಾಭವನ್ನು ಪಡೆದವನು ಹಿಂದಿರುಗಿಸಬೇಕು ಎಂಬ ತತ್ತ್ವವನ್ನು 1872ರ ಕರಾರುಗಳ ಕಾಯಿದೆ ತನ್ನ 65ನೆಯ ಪ್ರಕರಣದಲ್ಲಿ ಹೇಳಿದೆ. ತಪ್ಪು ಯಾರದೆಂಬ ಜಗಳಕ್ಕೆ ಇಳಿಯದೆಯೇ ಕೇಳಬಹುದಾದ ನ್ಯಾಯ ಇದು.

ಎರಡನೆಯದು, ಒಂದು ದಾರಿಯ ಬಸ್ಸು ಮಾತ್ರ ರದ್ದಾಗುವುದು ಅಥವಾ ವಿರಳವಾಗುವುದು. ಇಲ್ಲಿ ವಾದ ಅಷ್ಟು ಸುಲಭವಲ್ಲ. ತಿಂಗಳ ಪಾಸು ನಗರದ ದಾರಿಗಳಿಗೆಲ್ಲ ಸಲ್ಲುವಂಥದು. ಆದುದರಿಂದ “ಬೇರೆ ಬಸ್ಸಿನಲ್ಲಿ ಹೋಗಬಹುದಲ್ಲ” ಎಂಬ ಉತ್ತರ ಬರುವುದು ಸಹಜ. ಪ್ರಯಾಣಿಕನು ತನ್ನ ನಿಲ್ದಾಣದಿಂದ ಬೇರೆ ಬಸ್ಸು ಇಲ್ಲವೆಂದಾಗಲಿ, ಇದ್ದರೂ ಕೆಲಸದ ಹೊತ್ತಿಗೆ ಒದಗದೆಂದಾಗಲಿ ತೋರಿಸಿಕೊಡಬೇಕು. ಇದಕ್ಕೆ ಆಧಾರಬೇಕಾದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ, ಆ ದಾರಿಯಲ್ಲಿ ಮೊದಲು ಎಷ್ಟು ಗಾಡಿಗಳು ಓಡುತ್ತಿದ್ದುವು, ಈಗ ಎಷ್ಟು ಓಡುತ್ತಿವೆ ಎಂದು ಕೇಳಬಹುದು. 30 ದಿನಗಳೊಳಗೆ ಉತ್ತರ ಬರತಕ್ಕದ್ದು.

ಮೂರನೆಯದು, ಸಂಚಾರ ಇದ್ದಂತೆಯೇ ಇದ್ದು ದರ ಮಾತ್ರ ಬದಲಾಗುವುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ, ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ಆ ತಿಂಗಳ ಮೊದಲ ದಿನವೇ ಪಾಸು ಕೊಂಡಿದ್ದ ಗೃಹಿಣಿಗೆ ಮಿಕ್ಕ ಇಪ್ಪತ್ತು ದಿನಗಳ ಪಾಸು ನಿಷ್ಪ್ರಯೋಜಕವಾಗಿ ತೋರುವುದು ನಿಜ. ಆದರೆ ಆಕೆ ಹಣ ಕೊಟ್ಟ ಸೇವೆ ಆಕೆಗೆ ತಪ್ಪಲಿಲ್ಲ. ಆದುದರಿಂದ ಇಂತಹ ಸಂದರ್ಭದಲ್ಲಿ ಹಣವನ್ನು ಕೋರಿಕೆಯಾಗಿ ಕೇಳಬಹುದೇ ಹೊರತು ಹಕ್ಕೆಂದು ಸಾಧಿಸುವುದು ಕಷ್ಟ.

ಇನ್ನು ಲೆಕ್ಕದ ಮಾತು. ಎಷ್ಟು ಕೇಳಬೇಕೆಂಬುದನ್ನು ತಿಳಿಯದೆ ಕೇಳುವವನಿಗೆ ಕೊಡುವವನೇ ಲೆಕ್ಕ ಹೇಳಿಬಿಡುತ್ತಾನೆ. ಮೂವತ್ತು ದಿನಗಳ ಪಾಸಿನಲ್ಲಿ ಹದಿನಾಲ್ಕು ದಿನ ಪ್ರಯಾಣ ಮಾಡಿದ ಮೇಲೆ ಬಸ್ಸು ನಿಂತಿತೆಂದು ಇಟ್ಟುಕೊಳ್ಳೋಣ. ದಿನಗಳ ಪ್ರಮಾಣದಲ್ಲಿ ಹಂಚಿದರೆ ಉಳಿದ ಹದಿನಾರು ದಿನಗಳಿಗೆ 640 ರೂಪಾಯಿ ಬರಬೇಕು. ಬಳಸಿದ ಕಾಲಕ್ಕೆ ಎರಡು ವಾರದ ಪಾಸುಗಳ ಬೆಲೆಯನ್ನು ಮುರಿದುಕೊಂಡರೆ 700 ಕಳೆದು 500 ಉಳಿಯುತ್ತದೆ. ಅದೇ ಹದಿನಾಲ್ಕು ದಿನಗಳಿಗೆ ದಿನದ ಪಾಸಿನ ದರ ಹಾಕಿದರೆ 1,120 ಕಳೆದು ಉಳಿಯುವುದು ಬರಿಯ 80. ಇನ್ನೊಂದು ದಿನ ಹೆಚ್ಚಾದರೆ ಅದೂ ಇಲ್ಲ! ಪ್ರಯಾಣಿಕನು ತಾನಾಗಿಯೇ ಮನಸ್ಸು ಬದಲಿಸಿ ಪಾಸನ್ನು ಒಪ್ಪಿಸಿದರೆ, ಬಳಸಿದ ಕಾಲಕ್ಕೆ ಕಿರುಪಾಸಿನ ದರ ಹಾಕುವುದು ಒಪ್ಪತಕ್ಕ ಮಾತು. ಸಂಚಾರವನ್ನು ನಿಲ್ಲಿಸಿದವರು ಅವರೇ ಆದಾಗ ದಿನಗಳ ಪ್ರಮಾಣವೇ ನ್ಯಾಯವೆಂದು ನಮ್ಮ ಅಭಿಪ್ರಾಯ. ಅರ್ಜಿಯಲ್ಲಿ ಈ ಲೆಕ್ಕವನ್ನು ಬಿಡಿಸಿ ಬರೆಯತಕ್ಕದ್ದು.

ಹಣದ ಬದಲು ದಿನಗಳನ್ನು ಕೇಳುವ ದಾರಿಯೂ ಉಂಟು. 2020ರಲ್ಲಿ ಮುಂಬಯಿಯ ಉಪನಗರ ರೈಲುಗಳು ನಿಂತಿದ್ದಾಗ ನಷ್ಟವಾದ ದಿನಗಳಷ್ಟು ಸೀಸನ್ ಟಿಕೆಟ್ಟಿನ ಅವಧಿಯನ್ನು ಅನಂತರ ಮುಂದುವರಿಸಿದರು. ಮತ್ತೆ ಅದೇ ದಾರಿಯಲ್ಲಿ ಓಡಾಡುವವರಿಗೆ ಇದು ಒಳ್ಳೆಯ ಪರಿಹಾರ; ಊರನ್ನೋ ಕೆಲಸವನ್ನೋ ಬಿಟ್ಟವರಿಗೆ ಇದರಿಂದ ಪ್ರಯೋಜನವಿಲ್ಲ. ಆದುದರಿಂದ ಎರಡರಲ್ಲಿ ತನಗೆ ಯಾವುದು ಬೇಕೆಂಬುದನ್ನು ಅರ್ಜಿದಾರನು ಮೊದಲೇ ಸ್ಪಷ್ಟಪಡಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಬದಲಾವಣೆಯಾದ ಮೇಲೆಯೂ ಪಾಸನ್ನು ಬಳಸುತ್ತ ಹೋಗಿ ತಿಂಗಳು ಮುಗಿದ ಮೇಲೆ ಹಣ ಕೇಳಿದರೆ ವಾದ ನಿಲ್ಲುವುದಿಲ್ಲ. ಕಂಡಕ್ಟರನೊಡನೆ ಜಗಳವಾಡುವುದರಿಂದಲೂ ಫಲವಿಲ್ಲ. ಅವನ ಕೈಯಲ್ಲಿ ಏನೂ ಇಲ್ಲ. ಬದಲಾವಣೆಯಾದ ದಿನವೇ, ತಪ್ಪಿದರೆ ಮರುದಿನವೇ, ಹೀಗೆ ನಾಲ್ಕು ಸಾಲು ಬರೆಯಬೇಕು:

“ಮಾನ್ಯರೇ, ಇಂತಹ ತಾರೀಖಿನಿಂದ ಇಂತಹ ತಾರೀಖಿನವರೆಗೆ ಸಲ್ಲುವ ಇಂತಹ ಸಂಖ್ಯೆಯ ಪಾಸನ್ನು ಇಷ್ಟು ರೂಪಾಯಿ ಕೊಟ್ಟು ಪಡೆದಿರುತ್ತೇನೆ. ಇಂತಹ ದಿನದಿಂದ ಇಂತಹ ದಾರಿಯ ಸಂಚಾರ ನಿಂತಿರುವುದರಿಂದ ಪಾಸು ನನಗೆ ಉಪಯೋಗಕ್ಕೆ ಬರುತ್ತಿಲ್ಲ. ಅಂದಿನಿಂದ ನಾನು ಅದನ್ನು ಬಳಸಿರುವುದಿಲ್ಲ. ಮಿಕ್ಕ ಇಷ್ಟು ದಿನಗಳ ಹಣ ಇಷ್ಟು ರೂಪಾಯಿಗಳನ್ನು 30 ದಿನಗಳೊಳಗೆ ಹಿಂದಿರುಗಿಸಬೇಕೆಂದು ಕೋರುತ್ತೇನೆ.”

ಇದನ್ನು ಸಾರಿಗೆ ಸಂಸ್ಥೆಯ ಮುಖ್ಯ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ಕೈಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ಮೊಹರನ್ನು ಹಾಕಿಸಿಕೊಳ್ಳಬೇಕು. ಪಾಸಿನ ಎರಡು ಮಗ್ಗುಲಿನ ಪ್ರತಿಯನ್ನು ತೆಗೆದಿಡದೆ ಮೂಲವನ್ನು ಒಪ್ಪಿಸಲೇಬಾರದು. ಮೊಬೈಲಿನಲ್ಲಿ ಪಾಸು ಪಡೆದವರು ತೆರೆಯ ಚಿತ್ರವನ್ನೂ ಹಣ ಸಂದಾಯವಾದ ಸಂದೇಶವನ್ನೂ ಜೋಪಾನಮಾಡಬೇಕು.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ಕೊಡಬಹುದು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವುಂಟು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಸಾರಿಗೆಯೂ ಒಂದು ಸೇವೆ. ಕುಂದುಳ್ಳ ಸೇವೆಗೆ ಪಡೆದ ಹಣವನ್ನು ರಸೀತಿಯಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳಲ್ಲಿ, ಹಿಂದಿರುಗಿಸಲು ನಿರಾಕರಿಸುವುದನ್ನು ಆ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಎರಡು ವರ್ಷಗಳೊಳಗೆ ಸಲ್ಲಿಸಬೇಕೆಂಬುದನ್ನು ಮಾತ್ರ ಮರೆಯಬಾರದು. ಪಾಸಿನ ಬೆನ್ನಿನ ಮೇಲೆ “ಹಣ ಹಿಂದಿರುಗಿಸಲಾಗದು” ಎಂದು ಅಚ್ಚಾಗಿದ್ದರೂ, ಅದನ್ನು ಕಂಡೊಡನೆ ಕೈಚೆಲ್ಲಿ ಕೂರಬೇಕಾಗಿಲ್ಲ. ಆ ಮಾತು ಈ ಸಂದರ್ಭಕ್ಕೆ ಸಲ್ಲುವುದೇ ಎಂಬುದನ್ನು ಆಯೋಗ ವಿಚಾರಮಾಡಬಲ್ಲದು.

ಆರುನೂರು ರೂಪಾಯಿಗೆ ಇಷ್ಟು ಓಡಾಟವೇ ಎಂದು ಕೆಲವರು ಕೇಳಬಹುದು. ಒಬ್ಬನ ಓಡಾಟಕ್ಕೆ ಅದು ಸಾಲದು, ನಿಜ. ಆದರೆ ಒಂದೇ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾಯುವ ಹತ್ತು ಮಂದಿ ಹತ್ತು ಅರ್ಜಿಗಳನ್ನು ಒಟ್ಟಿಗೆ ಕಳುಹಿಸಿದರೆ ಅಧಿಕಾರಿಗಳ ಗಮನ ಬೇಗ ಹರಿಯುವುದು. ಹಣ ಬರುವುದಕ್ಕೆ ಮೊದಲು ಬಸ್ಸೇ ಹಿಂದಿರುಗಿದರೂ ಆಶ್ಚರ್ಯವಿಲ್ಲ. ಮುಷ್ಕರದ ಸುದ್ದಿಯಾಗಲಿ ದಾರಿ ಬದಲಾಗುವ ಸುದ್ದಿಯಾಗಲಿ ಮೊದಲೇ ಕಿವಿಗೆ ಬಿದ್ದರೆ ತಿಂಗಳ ಪಾಸಿನ ಬದಲು ವಾರದ ಪಾಸನ್ನು ಕೊಳ್ಳುವುದು ಜಾಣತನ. ನಾಲ್ಕು ವಾರಕ್ಕೆ 200 ರೂಪಾಯಿ ಹೆಚ್ಚು ತಗಲಿದರೂ, ಕೈಬಿಟ್ಟುಹೋಗುವ ಹಣಕ್ಕೆ ಒಂದು ವಾರದ ಮಿತಿ ಇರುತ್ತದೆ.